ರನ್‌ವೇ ಸುತ್ತ

ಸಂಜೆ ಐದೂವರೆ. ಇವತ್ತು ವಿಮಾನವಿಲ್ಲ.
ತಂತಿ ಬೇಲಿಯ ಮೂಲೆಯಲ್ಲಿ ಲುಡ್ವಿನಾ ಅತ್ತೆ
ಚಪ್ಪಲಿ ಕಳಚಿ ಮಾವನ ಬೂಟು ತೊಟ್ಟು,
ಬಗ್ಗಲಾರದೆ, ಲೇಸು ಕಟ್ಟೆಂದು ನನ್ನತ್ತ ಕಾಲು ಚಾಚುತ್ತಾಳೆ.
ಅಳತೆ ಒಂದು ಬೆರಳು ದೊಡ್ಡದು.
ಬಲಗಾಲಿನದು ಹಿಮ್ಮಡಿ ಸವೆದು ವಾಲಿದೆ,
ಎಡಗಾಲಿನದು ಅಂಗಡಿಯಿಂದ ತಂದ ಹಾಗೇ ಇದೆ.

ಹೋದ ತಿಂಗಳು ನರ್ಸ್ ರೊವೀನಾ
ನನ್ನ ಬೆರಳು ಚುಚ್ಚಿ, ಚೀಟಿ ನೋಡಿ,
"ಇನ್ನೂ ಒಳಗೆ ಬಂದಿಲ್ಲ, ಬಾಗಿಲಲ್ಲಿದೆ" ಅಂದಳು,
ನೆಂಟರ ಸುದ್ದಿ ಹೇಳುವ ಹಾಗೆ.
ಬಾಗಿಲಿಗೆ ಬಂದವರನ್ನು ಒಳಗೆ ಕರೆಯದಿರುವುದು
ನಮ್ಮ ನೌರುವಿನಲ್ಲಿ ಮರ್ಯಾದೆಯಲ್ಲ.
ನಮ್ಮ ಮನೆಗಂತೂ ಅದು ಹೊಸ ಮುಖವೂ ಅಲ್ಲ:
ಅಜ್ಜಿಯ ಕಣ್ಣಲ್ಲಿ ಕೂತಿತ್ತು,
ಅಪ್ಪನ ಜೊತೆ ವಾರಕ್ಕೆ ಮೂರು ದಿನ
ಆಸ್ಪತ್ರೆಯ ಯಂತ್ರಕ್ಕೆ ಆತು ಮಲಗುತ್ತಿತ್ತು.

ಒಂದು ಸುತ್ತಿಗೆ ಐದು ಕಿಲೋಮೀಟರು.
ಕಾಲಿಗೆ ಬುದ್ಧಿ ಹೇಳಿದರೂ
ಈ ದ್ವೀಪದಲ್ಲಿ ಓಡಿ ಎಲ್ಲಿಗೆ ಹೋಗುವುದು?
ಹೊರಟಲ್ಲಿಗೇ ಬಂದು ಮುಟ್ಟುತ್ತೇವೆ.
ಮುಂದೆ ಇಬ್ಬರು ಪೊಲೀಸರು, ಹಿಂದೆ ಹೆಡ್‌ಮೇಷ್ಟ್ರು,
ಯಾರದ್ದೂ ಅಲ್ಲದ ನಾಲ್ಕು ನಾಯಿ.
ಸಮುದ್ರದ ಕಡೆಯ ತಿರುವಿನಲ್ಲಿ ಗಾಳಿ ಎದುರಾಗಿ
ಅತ್ತೆಗೆ ಏದುಸಿರು.

ಆಗ ನಾನು ಹಡಗಿನ ಮಾತು ಎತ್ತುತ್ತೇನೆ.

"ಹಕ್ಕಿಗಳು ಹಿಕ್ಕೆ ಹಾಕಿ ಹಾಕಿ ಕಟ್ಟಿಕೊಟ್ಟ ನೆಲ ಕಣೇ!
ಕೆರೆದು ಕೆರೆದು ತುಂಬಿ ಕಳಿಸಿದರು,
ಯಾರದೋ ಗೋಧಿ ಹೊಲ ಹಸಿರಾಯಿತು.
ಬಂದದ್ದೇನು? ಬಿಳಿ ಅಕ್ಕಿ, ಸಕ್ಕರೆ, ಡಬ್ಬಿ ಮಾಂಸ,
ಕಿತ್ತಳೆ ಕಾಣದ ಕಿತ್ತಳೆ ನೀರು!
ಈಗ ಒಂದು ಬದನೆ ಗಿಡ ನೆಡಲು ಬಕೆಟ್ಟು ಬೇಕು ನನಗೆ!"
ಬಯ್ಯುವಾಗ ಅವಳ ಹೆಜ್ಜೆ ಜೋರಾಗುತ್ತದೆ.
ಗಾಳಿಯ ತಿರುವು ದಾಟಿದ್ದು ಅವಳಿಗೆ ತಿಳಿಯುವುದೇ ಇಲ್ಲ.

ಶನಿವಾರ ನನ್ನ ಮಗ ಜೊರಾಮನ ಮೊದಲ ಹುಟ್ಟುಹಬ್ಬ.
ಇಡೀ ಜಿಲ್ಲೆ ಬಂದಿತ್ತು, ಕೇಕು ಬಾಗಿಲಿಗಿಂತ ಅಗಲ.
ಎರಡು ತುಂಡು ತಿಂದೆ.
ಸುಳ್ಳೇಕೆ, ಮೂರು.
ಅತ್ತೆ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ
ಚೀಲಕ್ಕೆ ಹಾಕಿದ್ದನ್ನು ನಾನು ನೋಡಲಿಲ್ಲ,
ನನ್ನ ಮೂರನೆಯದನ್ನು ಅವಳೂ ನೋಡಲಿಲ್ಲ.
ಭಾನುವಾರ ಇಬ್ಬರೂ ಬೇಗ ಬಂದು
ಮಾತಿಲ್ಲದೆ ಎರಡು ಸುತ್ತು ನಡೆದೆವು.

ಸಕ್ಕರೆ ಬಿಟ್ಟ ಚಹಾ ಮೊದಲ ವಾರ
ನೆನೆದ ರಟ್ಟಿನ ಹಾಗಿತ್ತು.
ಐದನೆಯ ವಾರದ ಒಂದು ಬೆಳಿಗ್ಗೆ, ಯಾಕೋ,
ಚಹಾ ಚಹಾದ ಹಾಗಿತ್ತು.
ತಮ್ಮ ವಾರಕ್ಕೆರಡು ಸಲ ಬಂಡೆಯಾಚೆ ಬಲೆ ಬೀಸುತ್ತಾನೆ,
ಮೀನಿಲ್ಲದ ದಿನ ಡಬ್ಬಿ ತೆರೆಯುತ್ತೇವೆ, ಹೌದು, ತೆರೆಯುತ್ತೇವೆ.
ಮಗುವಿನ ಬಾಟಲಿಗೆ ಬರೀ ನೀರು ತುಂಬಿದೆ.
ಎಸೆದ. ಎತ್ತಿ ಕೊಟ್ಟೆ. ಎಸೆದ.
ಆರನೆಯ ಸಲವೋ ಏಳನೆಯದೋ, ಬಾಯಾರಿ,
ನನ್ನನ್ನು ಕೆಕ್ಕರಿಸುತ್ತ ಕುಡಿದ.

ಕತ್ತಲಾಗುವ ಹೊತ್ತಿಗೆ ಬೇಲಿಯ ಮೂಲೆಗೆ ಬರುತ್ತೇವೆ.
ಗಾಲಿ ಕುರ್ಚಿಯಲ್ಲಿ ಮಾವ ಕಾಯುತ್ತಿರುತ್ತಾನೆ,
ಮಡಿಲಲ್ಲಿ ಕಪ್ಪೆಚಿಪ್ಪು, ಸುತ್ತಿಗೊಂದು.
ಪಂಚೆಯ ಎಡ ಅಂಚು ಮಡಿಸಿ ಪಿನ್ನು ಹಾಕಿದೆ.
ಹೇಗಿದ್ದೀಯ, ಸುಸ್ತಾಯಿತೇ, ಒಂದನ್ನೂ ಕೇಳುವುದಿಲ್ಲ ಅವನು.
"ಎಲ್ಲಿ, ಎಡಗಾಲು ಎತ್ತು" ಅನ್ನುತ್ತಾನೆ.
ಅತ್ತೆ ನನ್ನ ಹೆಗಲು ಹಿಡಿದು ಎತ್ತುತ್ತಾಳೆ.
ಬೂಟಿನ ಅಡಿಯನ್ನು ಹೆಬ್ಬೆರಳಿಂದ ನಿಧಾನ ಸವರಿ ನೋಡಿ,
"ಇನ್ನೂ ಸವೆದಿಲ್ಲ" ಅನ್ನುತ್ತಾನೆ,
"ನಾಳೆ ಬಾ."